ಪೀರನವಾಡಿಯ ಬಯಲಿನಲ್ಲಿ ಒಂದು ಹಾಸು

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಶಹಾಪುರದ ನಮ್ಮ ಓಣಿಯಲ್ಲಿ ಆಗ ಯಾರ ಬಾಯಲ್ಲಿ ಕೇಳಿದರೂ ಊರ ಹೊರಗಿನ ಪೀರನವಾಡಿಯ ಮಾತೇ. ಅಲ್ಲಿ ಪ್ಲಾಟು ಹಾಕುತ್ತಿದ್ದಾರಂತೆ, ಬೋರು ಹೊಡೆಸಿದ್ದಾರಂತೆ, ಮೊನ್ನೆಯವರೆಗೆ ಕುರಿ ಮೇಯುತ್ತಿದ್ದ ಜಾಗದಲ್ಲಿ ಈಗ ಕಿರಾಣಿ ಅಂಗಡಿಯಂತೆ. ನನ್ನ ತವರು ಖಾನಾಪುರ. ಅಲ್ಲಿಗೆ ಹೋಗುವ ಬಸ್ಸು ಪೀರನವಾಡಿ ದಾಟಿಯೇ ಹೋಗಬೇಕು. ನಾನು ಹಟ ಮಾಡಿ ಕಿಟಕಿ ಬದಿಗೆ ಕೂತು ಎಲ್ಲವನ್ನೂ ನೋಡುತ್ತಿದ್ದೆ. ಹೋದ ಸಲ ಬುನಾದಿ ಇದ್ದಲ್ಲಿ ಈ ಸಲ ಗೋಡೆ ಎದ್ದಿರುತ್ತಿತ್ತು. ಒಂದು ಊರು ಕಣ್ಣೆದುರೇ ಬೆಳೆಯುವುದನ್ನು ನೋಡುವುದೆಂದರೆ ನನಗೆ ಏನೋ ಖುಷಿ. ಕಿಟಕಿಯಾಚೆ ತಲೆ ಹಾಕಬೇಡ ಎಂದು ನಮ್ಮವರು ಗದರುತ್ತಿದ್ದರು, ಆಮೇಲೆ ತಾವೂ ನನ್ನ ಭುಜದ ಮೇಲಿಂದ ಇಣುಕುತ್ತಿದ್ದರು.

ನಮ್ಮದು ನೇಕಾರರ ಮನೆ. ಖರೆ ಹೇಳಬೇಕೆಂದರೆ ಅದು ಮಗ್ಗದ ಮನೆ, ನಾವು ಅದರ ಜೊತೆ ಹೊಂದಿಕೊಂಡಿದ್ದವರು. ಮುಂದಿನ ಕೋಣೆಯ ತುಂಬ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಂಥದ್ದು. ಹಿಂದಿನ ಕೋಣೆಯಲ್ಲಿ ಒಲೆ, ನೀರಿನ ಹಂಡೆ, ದೇವರ ಜಗಲಿ, ಅತ್ತೆ, ಮಾವ, ನಾವಿಬ್ಬರು, ಆಗಷ್ಟೇ ನಡೆಯಲು ಕಲಿತಿದ್ದ ಮಗಳು. ಅಕ್ಕಪಕ್ಕದ ಮನೆಗಳಿಗೆ ಪವರ್‌ಲೂಮ್ ಬಂದಿದ್ದವು. ಅವುಗಳ ಖಟಖಟ ಶುರುವಾದರೆ ಗೋಡೆಯ ಗೂಡಿನಲ್ಲಿಟ್ಟ ದೀಪದ ಬುಡ್ಡಿ ತಾನಾಗಿಯೇ ಸರಿದು ಅಂಚಿಗೆ ಬರುತ್ತಿತ್ತು. ತವರಿನಲ್ಲಿ ನನಗೆ ಹಲಸಿನ ಮರ, ಬಾವಿಕಟ್ಟೆ, ಎಮ್ಮೆ ಕಟ್ಟುವಷ್ಟು ಅಂಗಳ ಇದ್ದವು. ಇಲ್ಲಿ ಕೈಚಾಚಿದರೆ ಎದುರಿನ ಮನೆಯವರ ಗೋಡೆ. ಮಗಳು ಒಂದು ಸಲ ಮಗ್ಗದ ಕುಣಿಗೆ ಬಿದ್ದಳು, ಅತ್ತು ಸುಮ್ಮನಾದಳು. ಮತ್ತೊಂದು ಸಲ ಬಿದ್ದು ತುಟಿ ಒಡೆದುಕೊಂಡಾಗ ನಾನು ಅವಳನ್ನು ಎತ್ತಿಕೊಂಡು ನಿಂತಲ್ಲೇ ತೀರ್ಮಾನಿಸಿದೆ, ಈ ಮನೆ ಇನ್ನು ಸಾಕು.

ತೀರ್ಮಾನ ನನ್ನದು, ಆದರೆ ಒಪ್ಪಬೇಕಾದವರು ಮಾವ. ಅವರು ಕೆಟ್ಟವರಲ್ಲ. ಬೆಳಿಗ್ಗೆ ಲಿಂಗಪೂಜೆ ಮಾಡಿ, ಹಣೆ ತುಂಬ ವಿಭೂತಿ ಹಚ್ಚಿ ಮಗ್ಗಕ್ಕೆ ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಆ ಕಾಲದ ರೀತಿಯಂತೆ ನನ್ನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ನನಗೆ ಹೇಳಬೇಕಾದದ್ದನ್ನು ಅತ್ತೆಗೆ ಹೇಳುತ್ತಿದ್ದರು, ನಾನು ಅಲ್ಲೇ ಪಕ್ಕದಲ್ಲಿ ನಿಂತಿದ್ದರೂ. ನಾನೂ ಉತ್ತರವನ್ನು ಅತ್ತೆಗೇ ಕೊಡುತ್ತಿದ್ದೆ. ಪಾಪ ಅತ್ತೆ, ನಮ್ಮಿಬ್ಬರ ನಡುವೆ ಮಗ್ಗದ ಲಾಳಿಯ ಹಾಗೆ ಓಡಾಡಿದ್ದೇ ಓಡಾಡಿದ್ದು. ನಮ್ಮವರಂತೂ ಅಪ್ಪನ ಮುಂದೆ ಅಪ್ಪನ ಮಗ, ನನ್ನ ಮುಂದೆ ನನ್ನ ಗಂಡ. ಪೀರನವಾಡಿಯ ಮಾತು ತೆಗೆದರೆ ಅವರಿಗೆ ಇದ್ದಕ್ಕಿದ್ದಂತೆ ರವಿವಾರ ಪೇಟೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

ಅಷ್ಟರಲ್ಲಿ ಪರಿಚಯದವರೊಬ್ಬರು ಅಲ್ಲಿ ತಮ್ಮ ಒಂದು ಪ್ಲಾಟು ನಮಗೆ ಕೊಡಲು ಒಪ್ಪಿದರು, ಸಂಕ್ರಾಂತಿಯವರೆಗೆ ಕಾಯುತ್ತೇನೆ ಎಂದೂ ಹೇಳಿದರು. ಖಾನಾಪುರದಲ್ಲಿ ಹಂಚಿನ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದ ನನ್ನ ಅಪ್ಪ, ಮಾಡಿನ ಹಂಚು ನನ್ನ ಪಾಲಿಗಿರಲಿ ಎಂದು ಹೇಳಿ ಕಳಿಸಿದರು. ಆ ದಿನ ಮಾವ ಮೊದಲ ಸಲ ಬಾಯಿಬಿಟ್ಟರು. ಎಂದಿನಂತೆ ಅತ್ತೆಯ ಕಡೆ ನೋಡುತ್ತಲೇ ಹೇಳಿದರು.

“ಅಲ್ಲಿ ಗಾಳಿ ಐತಿ, ಬೆಳಕ ಐತಿ, ಎಲ್ಲಾ ಖರೆ. ಹಾಸ ಹಾಕಿದ ದಿನ ಕೈ ಹಚ್ಚಾವ್ರ ಯಾರದಾರ?”

ಅವರ ಮಾತಿನ ತೂಕ ನೇಕಾರರಿಗೆ ಗೊತ್ತು. ಹಾಸು ಎಂದರೆ ಸೀರೆಯ ಉದ್ದದ ಎಳೆಗಳು. ಮಗ್ಗಕ್ಕೆ ಏರಿಸುವ ಮೊದಲು ಆ ಎಳೆಗಳನ್ನೆಲ್ಲ ಓಣಿಯ ಉದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹಚ್ಚಿ, ದೊಡ್ಡ ಕುಂಚದಿಂದ ಮತ್ತೆ ಮತ್ತೆ ತೀಡಬೇಕು. ಗಂಜಿ ಒಣಗುವುದರೊಳಗೆ ಅಂಟಿಕೊಂಡ ಎಳೆಗಳನ್ನು ಬಿಡಿಸಬೇಕು, ಕಡಿದುಹೋದದ್ದನ್ನು ಗಂಟು ಹಾಕಬೇಕು. ಬಿಸಿಲೇರುವ ಮೊದಲು ಮುಗಿಯಬೇಕು. ಅದಕ್ಕೆ ಒಂದು ಮನೆಯ ಕೈ ಸಾಲದು, ಓಣಿಯೇ ಬೇಕು. ಸಮಯಕ್ಕೆ ಕೈ ಸಿಗದಿದ್ದರೆ ಅಷ್ಟೂ ಎಳೆ ಹಲಗೆಯ ಹಾಗೆ ಗಟ್ಟಿಯಾಗಿ, ಹಲವು ಸೀರೆಗಳ ನೂಲು ಹಾಳಾಗುತ್ತದೆ.

ನಮ್ಮ ಓಣಿಯಲ್ಲಿ ಹಾಸಿನ ಕೆಲಸಕ್ಕೆ ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಬೆಳಗಿನ ಜಾವ ಒಬ್ಬರ ಮನೆಯಿಂದ ಹಾಸು ಹೊರಗೆ ಬಂತೆಂದರೆ ಸಾಕು, ರೊಟ್ಟಿ ಬಡಿಯುತ್ತಿದ್ದವಳು ಕೈ ಒರೆಸಿಕೊಂಡು ಬರುತ್ತಿದ್ದಳು, ಹಲ್ಲುಜ್ಜುತ್ತಿದ್ದವನು ಬಾಯಿ ಮುಕ್ಕಳಿಸಿ ಬರುತ್ತಿದ್ದ. ಹಿಂದಿನ ದಿನ ನೀರಿನ ಸರದಿಗೆ ಜಗಳಾಡಿ ಮಾತು ಬಿಟ್ಟವರೂ ಬರುತ್ತಿದ್ದರು, ಮುಖ ಆಚೆ ತಿರುಗಿಸಿಕೊಂಡೇ ಎಳೆ ಬಿಡಿಸುತ್ತಿದ್ದರು. ಕರೆಯುವುದೇ ತಪ್ಪು. ಕರೆದರೆ, ತಾವಾಗಿ ನೀವು ಬರುತ್ತಿರಲಿಲ್ಲ ಎಂದು ಅವರ ಮುಖಕ್ಕೇ ಹೇಳಿದಂತೆ. ಕೆಲಸ ಮುಗಿದ ಮೇಲೆ ಬಂದವರಿಗೆ ಚುರುಮುರಿ, ಚಹಾ. ಮಾವ ಹುಟ್ಟಿದ್ದು, ಕಲಿತದ್ದು, ಬಾಳಿದ್ದು ಎಲ್ಲ ಈ ಪದ್ಧತಿಯಲ್ಲೇ. ಗುರುತಿಲ್ಲದ ಊರಿನಲ್ಲಿ ಮಗ್ಗ ನಿಂತರೆ ತಮ್ಮ ಕೈಯೂ ನಿಂತ ಹಾಗೆ ಎಂಬ ಹೆದರಿಕೆ ಅವರಿಗಿತ್ತು. ಅದು ನನಗೆ ಅರ್ಥವಾಗುತ್ತಿರಲಿಲ್ಲ ಎಂದಲ್ಲ. ಆದರೆ ಮಗಳ ತುಟಿಯ ಗಾಯ ನೋಡಿದಾಗಲೆಲ್ಲ ನನ್ನ ಸಿಟ್ಟು ಮತ್ತೆ ಏರುತ್ತಿತ್ತು.

ಒಂದು ದಿನ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದಾಗ, ಮಾವನಿಗೆ ಕೇಳುವಷ್ಟು ದನಿ ಏರಿಸಿ ಅತ್ತೆಗೆ ಹೇಳಿದೆ: ಬರುವುದಿಲ್ಲ ಬರುವುದಿಲ್ಲ ಎಂದು ಇಲ್ಲೇ ಕೂತು ಹೇಳಿದರೆ ಹೇಗೆ ಗೊತ್ತಾಗಬೇಕು, ಒಂದು ಹಾಸು ಅಲ್ಲಿ ಹಾಕಿಯೇ ನೋಡೋಣ. ಮಗ್ಗದ ಸದ್ದು ನಿಂತಿತು. ನಮ್ಮವರು ಮೆಲ್ಲಗೆ ಎದ್ದು ಹೊರಗೆ ಹೋದರು. ಮಾವ ಅತ್ತೆಗೆ ಹೇಳಿದರು, ಹಾಸು ಕೆಡದೆ ಮುಗಿದರೆ ನಾವು ಹೋಗೋಣ, ಕೆಟ್ಟರೆ ಇನ್ನು ಮೇಲೆ ಈ ಮನೆಯಲ್ಲಿ ಪೀರನವಾಡಿಯ ಹೆಸರು ತೆಗೆಯಬಾರದು. ನಾನು ಹೂಂ ಅಂದೆ. ಆದರೆ ಪೀರನವಾಡಿಯಲ್ಲಿ ವಾಸವಿದ್ದವರಲ್ಲಿ ನನಗೂ ಒಬ್ಬರ ಗುರುತಿರಲಿಲ್ಲ.

ದೀಪಾವಳಿ ಕಳೆದು ಥಂಡಿ ಬಿದ್ದಿತ್ತು. ಹಿಂದಿನ ದಿನವೇ ನಮ್ಮವರು ಸೈಕಲ್ಲಿನ ಮೇಲೆ ಹೋಗಿ ಪ್ಲಾಟಿನ ಮುಂದಿನ ಬಯಲಿನಲ್ಲಿ ಎರಡು ಕಡೆ ಗಟ್ಟಿ ಗೂಟ ಹೊಡೆದು ಬಂದಿದ್ದರು. ಮರುದಿನ ನಸುಕಿನಲ್ಲಿ ಹಾಸಿನ ಉಂಡೆ, ಕೋಲುಗಳು, ಕುಂಚ, ಗಂಜಿಯ ಗಡಿಗೆ ಎಲ್ಲ ಟಾಂಗಾದಲ್ಲಿ ಏರಿಸಿ ಹೊರಟೆವು. ಮಗಳನ್ನು ಪಕ್ಕದ ಮನೆಯವಳ ಹತ್ತಿರ ಬಿಟ್ಟೆ. ಅತ್ತೆಯ ಮಡಿಲಲ್ಲಿ ಒಂದು ಗಂಟು ಇತ್ತು. ಏನದು ಎಂದು ಕೇಳಿದರೆ ಸೆರಗಿನಲ್ಲಿ ಮುಚ್ಚಿಕೊಂಡು, ನಿನಗ್ಯಾಕ ಅಂದಳು.

ಬಯಲಿನಲ್ಲಿ ಹಾಸು ಬಿಗಿದು ಕಟ್ಟಿದೆವು. ಕೆಂಪು ಮಣ್ಣಿನ ಮೇಲೆ ಬಿಳಿ ಎಳೆಗಳು ಆ ತುದಿಯಿಂದ ಈ ತುದಿಯವರೆಗೆ ನಿಂತಾಗ, ಇಷ್ಟು ಜಾಗ ಒಮ್ಮೆಲೇ ಸಿಕ್ಕಿದ್ದಕ್ಕೆ ನನಗೆ ಕುಣಿಯಬೇಕೆನಿಸಿತು. ಶಹಾಪುರದಲ್ಲಿ ಸೈಕಲ್ಲು, ಕೈಗಾಡಿ, ದನ ಎಲ್ಲಕ್ಕೂ ಬಾಗಿ ದಾರಿ ಬಿಡಬೇಕಾಗಿತ್ತು. ಮಾವ ಎರಡೂ ಗೂಟಗಳಿಗೆ ವಿಭೂತಿ ಹಚ್ಚಿ, ಊದುಬತ್ತಿ ಸಿಕ್ಕಿಸಿ, ಕಾಯಿ ಒಡೆದು ಕೈಮುಗಿದರು. ಆಮೇಲೆ ತಂದೆ ಮಗ ಇಬ್ಬರೂ ಗಂಜಿ ಹಚ್ಚುತ್ತ ಕುಂಚ ಎಳೆಯತೊಡಗಿದರು. ನಾನು ಮತ್ತು ಅತ್ತೆ ಎಳೆ ಬಿಡಿಸುತ್ತ ಹಿಂದೆ ನಡೆದೆವು.

ಸುತ್ತಲಿನ ಮನೆಗಳಲ್ಲಿ ಜನ ಎದ್ದರು. ಹೆಂಗಸರು ಬಾಗಿಲಿಗೆ ಬಂದರು, ನೋಡಿದರು, ನಿಂತರು. ಯಾರೂ ಹತ್ತಿರ ಬರಲಿಲ್ಲ. ನೀರು ತರುತ್ತಿದ್ದ ಒಬ್ಬಳು ಹಾಸಿನ ಬಳಿ ಬಂದವಳೇ ಅಷ್ಟು ದೂರ ಸುತ್ತು ಹಾಕಿ ಹೋದಳು. ಕಂಬಳಿ ಹೊದ್ದ ಅಜ್ಜನೊಬ್ಬ ತನ್ನ ಕುರಿಗಳನ್ನು ಹುಶ್ ಹುಶ್ ಎಂದು ಆಚೆಗೆ ಹೊಡೆದ. ಇಬ್ಬರು ಮೂವರು ನಮ್ಮನ್ನು ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡರು. ಕುಂಚ ಎಳೆಯುತ್ತಿದ್ದ ಮಾವ ಆಗಾಗ ತಲೆ ಎತ್ತಿ ಬಾಗಿಲುಗಳ ಕಡೆ ನೋಡುತ್ತಿದ್ದರು, ಮತ್ತೆ ಬಗ್ಗುತ್ತಿದ್ದರು. ಅವರು ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ನಾನು ಸೋಲಲಿ ಎಂದು ಅವರು ಬಂದಿರಲಿಲ್ಲ. ಯಾರಾದರೂ ಬರಲಿ ಎಂದು ನನಗಿಂತ ಹೆಚ್ಚಾಗಿ ಅವರೇ ಆಸೆಪಟ್ಟಿದ್ದರು.

ಬಯಲಿನ ಗಾಳಿ ಓಣಿಯ ಗಾಳಿಯಲ್ಲ. ಗಂಜಿ ನಾವು ಎಣಿಸಿದ್ದಕ್ಕಿಂತ ಬೇಗ ಒಣಗತೊಡಗಿತು. ನಡುವಿನಲ್ಲಿ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ನಾನು ಈ ಕಡೆ ಬಿಡಿಸಿದರೆ ಆ ಕಡೆ ಕೂಡುತ್ತಿದ್ದವು. ಇನ್ನು ಸ್ವಲ್ಪ ಹೊತ್ತು ಹೀಗೇ ಬಿಟ್ಟರೆ ಹಾಸೂ ಹೋಯಿತು, ಮನೆಯೂ ಹೋಯಿತು. ನಾನು ಎಳೆ ಬಿಟ್ಟು ಮನೆಗಳ ಕಡೆ ತಿರುಗಿದೆ. ಎಲ್ಲಿಗೆ ಹೊರಟೆ ಎಂಬುದು ಮಾವನಿಗೆ ತಿಳಿಯಿತು. ತಮ್ಮ ಪದ್ಧತಿಯನ್ನೂ ಮರೆತು ನನಗೇ ಹೇಳಿದರು.

“ಕರೀಬ್ಯಾಡ.”

ನಾನು ನಿಲ್ಲಲಿಲ್ಲ. ಸೀದಾ ಎದುರಿನ ಮನೆಗೆ ಹೋಗಿ, ಹೊಸ್ತಿಲಲ್ಲಿ ನಿಂತಿದ್ದ ಮರಾಠಿ ಹೆಂಗಸಿಗೆ ಮರಾಠಿಯಲ್ಲೇ ಹೇಳಿದೆ. ಖಾನಾಪುರದಲ್ಲಿ ಬೆಳೆದವರಿಗೆ ಮರಾಠಿ ಬಾಜು ಮನೆಯ ಮಾತು. ನಮ್ಮ ನೂಲು ಕೆಡುತ್ತಿದೆ, ಎಳೆ ಬಿಡಿಸಲು ಕೈ ಬೇಕು, ಬರುತ್ತೀರಾ ಎಂದು ಕೇಳಿದೆ. ಅವಳು ಕಣ್ಣು ಅಗಲಿಸಿ, ಮುಟ್ಟಬಹುದಾ ಎಂದಳು. ವಿಭೂತಿ, ಊದುಬತ್ತಿ, ತೆಂಗಿನಕಾಯಿ ನೋಡಿ ಅದೇನೋ ದೇವರ ಕಾರ್ಯ ಎಂದು ಅವರೆಲ್ಲ ತಿಳಿದಿದ್ದರು. ಮೈಲಿಗೆಯಾದೀತು, ಯಾರೂ ಹತ್ತಿರ ಹೋಗಬೇಡಿ ಎಂದು ಮಕ್ಕಳನ್ನೆಲ್ಲ ಒಳಗೆ ಕೂಡಿಹಾಕಿದವಳು ಅವಳೇ. ನನಗೆ ನಗು ಬಂತು, ಅಳುವೂ ಬಂತು. ಅವಳ ರಟ್ಟೆ ಹಿಡಿದು ಎಳೆದುಕೊಂಡೇ ಹೊರಟೆ. ಹೋಗುತ್ತ ಹೋಗುತ್ತ ಅವಳು ಎಡಬಲದ ಮನೆಗಳಿಗೆ ಕೂಗು ಹಾಕಿದಳು.

ಬಂದರು. ಮರಾಠಿಯವರು, ಕನ್ನಡದವರು, ತಲೆಯ ಮೇಲೆ ಸೆರಗು ಹೊದ್ದ ಮುಸಲ್ಮಾನರ ಮುದುಕಿಯೊಬ್ಬಳು. ಕಂಬಳಿಯ ಅಜ್ಜನೂ ಕುರಿ ಬಿಟ್ಟು ಬಂದ. ಕೆಲಸ ಬರುತ್ತಿತ್ತೇ ಎಂದರೆ ಒಬ್ಬರಿಗೂ ಬರುತ್ತಿರಲಿಲ್ಲ. ಒಬ್ಬಳು ಜಡೆ ಬಿಡಿಸುವ ಹಾಗೆ ಎಳೆ ಜಗ್ಗಿದಳು, ಇನ್ನೊಬ್ಬಳು ಗಂಟು ಹಾಕಿದ್ದು ಹುರಿಗಡಲೆಯಷ್ಟು ದಪ್ಪ. ಮಾವ ಮೊದಲು ಬಿಗಿದ ಮುಖದಲ್ಲೇ ಇದ್ದರು. ಆಮೇಲೆ ಆ ದಪ್ಪ ಗಂಟು ನೋಡಿ ತಡೆಯಲಾಗದೆ ಬಂದು, ಹಿಂಗಲ್ಲವಾ, ಹಿಂಗ, ಎಂದು ಬೆರಳಿನಿಂದ ತೋರಿಸಿದರು. ಅಜ್ಜನಿಗೆ ಮಾತ್ರ ಏನೂ ಹೇಳಬೇಕಾಗಲಿಲ್ಲ. ಉಣ್ಣೆ ನೂತ ಬೆರಳು, ತಾನಾಗಿ ಎಳೆ ಹುಡುಕಿಕೊಂಡಿತು. ನಡುವೆ ಒಂದು ಮೊಳದಷ್ಟು ಅಂಟಿಕೊಂಡು ಕೆಟ್ಟೇ ಹೋಯಿತು. ಉಳಿದದ್ದು ಉಳಿಯಿತು. ಬಿಸಿಲು ಬಲಿಯುವ ಹೊತ್ತಿಗೆ ಹಾಸು ಒಣಗಿ, ಗಾಳಿಗೆ ಸಣ್ಣಗೆ ಅಲುಗುತ್ತ ನಿಂತಿತ್ತು.

ಅತ್ತೆ ಆಗ ಮಡಿಲಿನ ಗಂಟು ಬಿಚ್ಚಿದಳು. ಚುರುಮುರಿ. ಯಾರೂ ಬರುವುದಿಲ್ಲ ಎಂದು ಗಂಡ ಇಷ್ಟು ದಿನ ಹೇಳಿದ್ದನ್ನು ಕೇಳುತ್ತಲೇ, ಬಂದವರಿಗೆ ಕೊಡಲು ಬೇಕಾಗುತ್ತದೆ ಎಂದು ಕಟ್ಟಿಕೊಂಡು ಬಂದಿದ್ದಳು. ಎದುರಿನ ಮನೆಯವಳು ದೊಡ್ಡ ಪಾತ್ರೆಯಲ್ಲಿ ಚಹಾ ಇಟ್ಟಳು. ನಮ್ಮ ಚುರುಮುರಿ, ಅವರ ಚಹಾ, ಎಲ್ಲರೂ ಮಣ್ಣಿನ ಮೇಲೆಯೇ ಕೂತೆವು. ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದವರಲ್ಲೊಬ್ಬ ನಾಚಿಕೊಂಡು ತಾನು ಗೂಟಕ್ಕೆ ಕೈಮುಗಿದದ್ದನ್ನೂ ಹೇಳಿದಾಗ ಮಾವ ನಕ್ಕರು. ಅವರು ಅಷ್ಟು ಬಾಯ್ತುಂಬ ನಕ್ಕಿದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ನೋಡಿದ್ದು ಅದೇ ಮೊದಲು.

ಹಾಸು ಸುತ್ತಿ ಟಾಂಗಾಕ್ಕೆ ಏರಿಸಿದ್ದಾಯಿತು. ನಮ್ಮವರು ಗೂಟ ಕೀಳಲು ಹೋದರೆ ಮಾವ ಇರಲಿ ಬಿಡು ಅಂದರು. ಗೂಟ ಉಳಿದರೆ ನಾವು ಮತ್ತೆ ಬರುತ್ತೇವೆ ಎಂದೇ ಅರ್ಥ, ಆದರೂ ನನಗೆ ಧೈರ್ಯ ಬರಲಿಲ್ಲ. ಕರೆಯಬೇಡ ಎಂದದ್ದನ್ನು ಮೀರಿದ್ದೆನಲ್ಲ, ಅದರ ಮಾತು ಇನ್ನೂ ಬರಬೇಕಿತ್ತು. ಮಾವ ಪ್ಲಾಟಿನ ಸುತ್ತ ಒಂದು ಸಲ ನಡೆದು ಬಂದರು. ಅತ್ತೆ ನನ್ನ ಪಕ್ಕದಲ್ಲೇ ನಿಂತಿದ್ದಳು, ಎಂದಿನಂತೆ ತನಗೇ ಹೇಳುತ್ತಾರೆಂದು ಕಿವಿಗೊಟ್ಟಳು. ಮಾವ ಅವಳನ್ನು ನೋಡಲಿಲ್ಲ. ನನ್ನ ಕಡೆ ತಿರುಗಿದರು.

“ಬಾಗಲಾ ಯಾವ ಕಡೆ ಇಡೂಣು? ನೀ ಹೇಳವಾ.”

ನಾನು ಸುತ್ತ ನೋಡಿದೆ. ಎದುರಿನ ಮನೆಯವಳು ಚಹಾದ ಪಾತ್ರೆ ತಿಕ್ಕುತ್ತಿದ್ದಳು, ಅವಳ ಆಚೆ ಇನ್ನೂ ಮಾಡು ಕಾಣದ ಗೋಡೆಗಳು ಸಾಲಾಗಿ ನಿಂತಿದ್ದವು.

“ಈ ಮನಿಗೋಳ ಕಡೆ ಇಡೂಣ್ರಿ ಮಾವಾರ,” ಅಂದೆ. “ಹೊಸ್ತಲದಾಗ ನಿಂತ ಕರದ್ರ ನಾಕ ಮಂದಿಗೆ ಕೇಳಬೇಕು.”

ಮಾವ ಆ ಮನೆಗಳ ಕಡೆ ನೋಡಿ ಹೂಂ ಅಂದರು. ಆಮೇಲೆ ಒಂದು ಕಲ್ಲು ಎತ್ತಿ ತಂದು ಬಾಗಿಲು ಬರುವ ಜಾಗದಲ್ಲಿ ಇಟ್ಟರು.