ದೊಡ್ಡಮ್ಮ ಕಾವು ಕೊಟ್ಟ ಹಲ್ಲಿಮೊಟ್ಟೆ

ಓದಲೆಂದು ನಾನು ಹಿರಿಯೂರಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದ ಎರಡು ವರ್ಷಗಳಲ್ಲಿ ಅವರ ಮೈಮೇಲೆ ಮೂರು ಸಲ ಹಲ್ಲಿ ಬಿತ್ತು. ಒಮ್ಮೆ ಭುಜದ ಮೇಲೆ, ಒಮ್ಮೆ ಪಾದದ ಮೇಲೆ, ಒಮ್ಮೆ ನಡುನೆತ್ತಿಯ ಮೇಲೆ. ಮೂರು ಸಲವೂ ಅವರು ಸ್ನಾನ ಮಾಡಲಿಲ್ಲ, ಪಂಚಾಂಗ ತೆಗೆದು ಫಲ ನೋಡಲಿಲ್ಲ. ನೆತ್ತಿಯ ಮೇಲೆ ಬಿದ್ದ ದಿನ ನಾನೇ ಹೆದರಿ ನೀರು ಕಾಯಿಸಿದ್ದೆ. "ಮೇಲಿಂದ ಬಿದ್ದಿದ್ದು ಅದು. ಪೆಟ್ಟಾಗಿದ್ರೆ ಅದಕ್ಕೆ ಆಗೈತೆ. ಸ್ನಾನ ನಾನ್ಯಾಕೆ ಮಾಡ್ಲಿ?" ಎಂದು ಆ ಬಿಸಿನೀರಿನಲ್ಲಿ ನನ್ನ ಬಟ್ಟೆ ನೆನೆಹಾಕಿದರು.

ರುದ್ರಮ್ಮ ಎಂದು ಅವರ ಹೆಸರು. ನನ್ನ ಅಮ್ಮನ ಅಕ್ಕ. ದೊಡ್ಡಪ್ಪ ತೀರಿಕೊಂಡ ಮೇಲೂ ತವರಿಗೆ ಹೋಗದೆ ಬಾಡಿಗೆ ಮನೆಯಲ್ಲೇ ಇದ್ದು, ಹಿತ್ತಲಲ್ಲಿ ನಾಟಿಕೋಳಿ ಸಾಕಿ ಮೊಟ್ಟೆ ಮಾರುತ್ತಿದ್ದರು. ಕೋಳಿಯನ್ನು ಕಾವಿಗೆ ಕೂರಿಸುವುದರಲ್ಲಿ ಬೀದಿಗೆಲ್ಲ ಅವರದೇ ಕೈ. ಯಾರಾದರೂ "ಹಂಗೆ ಮಾಡಬಾರದು" ಎಂದರೆ "ಯಾರು ಹೇಳಿದ್ದು? ಕರ್ಕಂಡು ಬರ್ರಿ" ಎನ್ನುತ್ತಿದ್ದರು. ಯಾರೂ ಯಾರನ್ನೂ ಕರೆದುಕೊಂಡು ಬಂದದ್ದು ನಾನು ನೋಡಲಿಲ್ಲ.

ಚಿತ್ರದುರ್ಗದಲ್ಲಿ ಬಣ್ಣದ ಮೀನು ಮಾರುವ ಅಂಗಡಿಯೊಂದು ಮುಚ್ಚುತ್ತಿತ್ತು. ಅಲ್ಲಿ ಒಂದು ಜೋಡಿ ಚುಕ್ಕೆ ಹಲ್ಲಿ ಉಳಿದುಬಿಟ್ಟಿದ್ದವು. ಹೊರದೇಶದ ಜಾತಿ, ಹಳದಿ ಮೈ, ಅದರ ಮೇಲೆ ಚಿರತೆಯ ಹಾಗೆ ಕಪ್ಪು ಚುಕ್ಕೆ, ದಪ್ಪ ಬಾಲ. ನನಗೆ ಮೀನು ಕೊಡಿಸಲು ಬಂದಿದ್ದ ದೊಡ್ಡಮ್ಮ ಗಾಜಿನ ಪೆಟ್ಟಿಗೆಯ ಮುಂದೆ ಕೂತೇಬಿಟ್ಟರು. "ಇವನ್ನ ಯಾರೂ ತಗಳಲ್ಲ ಅಮ್ಮ, ಹಲ್ಲಿ ಅಂತಾರೆ" ಎಂದ ಅಂಗಡಿಯವನು. ಅವನು ಹಾಗೆ ಹೇಳದೇ ಇದ್ದಿದ್ದರೆ ನಾವು ಮೀನನ್ನೇ ತರುತ್ತಿದ್ದೆವೋ ಏನೋ.

ಬೇಸಿಗೆಗೆ ಮುಂಚೆ ಹೆಣ್ಣು ಹಲ್ಲಿ ಒದ್ದೆ ಮರಳಿನಲ್ಲಿ ಎರಡು ಮೊಟ್ಟೆ ಇಟ್ಟಿತು. ಉದ್ದನೆಯವು, ಮುಟ್ಟಿದರೆ ತೊಗಲಿನಂತೆ ಮೆತ್ತಗೆ. ದೊಡ್ಡಮ್ಮ ಅವನ್ನು ಡಬ್ಬಿಯಲ್ಲಿಟ್ಟು, ಥರ್ಮಾಕೋಲ್ ಪೆಟ್ಟಿಗೆಯೊಳಗೆ ಸಣ್ಣ ಬಲ್ಬಿನ ಕಾವು ಕೊಟ್ಟರು. ಅಷ್ಟೇ ಆಗಿದ್ದರೆ ಸರಿಯಿತ್ತು. ಬೆಳಿಗ್ಗೆ ಸಂಜೆ ಮೊಟ್ಟೆಗಳನ್ನು ಬೆರಳಿಂದ ಮಗ್ಗುಲು ಬದಲಿಸತೊಡಗಿದರು. ಕೋಳಿ ಕೊಕ್ಕಿನಲ್ಲಿ ಮಾಡುವುದು ಅದನ್ನೇ ಅಲ್ಲವೇ. "ಕೋಳಿ ಇಲ್ಲಾಂದ್ರೆ ನಾನೇ ಕೋಳಿ" ಎಂದು ನಗುತ್ತಿದ್ದರು. ನಾನು ದಿನಾಂಕ ಹಾಕಿ ಎರಡೂ ಹೊತ್ತು ಡಬ್ಬಿಯ ಶಾಖ ಬರೆದಿಡುತ್ತಿದ್ದೆ. ಶಾಖ ಒಂದು ದಿನವೂ ತಪ್ಪಲಿಲ್ಲ. ಮೊಟ್ಟೆಗಳು ಮಾತ್ರ ಹಳದಿಗೆ ತಿರುಗಿ, ಬೂಷ್ಟು ಹಿಡಿದು ಕೊಳೆತವು. ಹಲ್ಲಿಯ ಮೊಟ್ಟೆಯೊಳಗೆ ಮರಿ ಒಂದು ಕಡೆಗೆ ಅಂಟಿಕೊಂಡು ಬೆಳೆಯುತ್ತದೆ, ತಿರುಗಿಸಿದರೆ ಸಾಯುತ್ತದೆ ಎಂದು ನಮಗೆ ಆಮೇಲೆ ತಿಳಿಯಿತು.

ಹಣೆಬರಹ ಎಂದು ಅವರು ಅನ್ನಲಿಲ್ಲ. "ಕೋಳಿ ಬುದ್ಧಿ ಹಲ್ಲಿಗೆ ನಡೆಯಲ್ಲ. ಸರಿ, ಹಲ್ಲಿ ಬುದ್ಧಿ ಕಲಿಯಾಣ" ಎಂದರು.

ಎರಡನೇ ಸಲವೂ ಎರಡೇ ಮೊಟ್ಟೆ. ಈ ಸಲ ತೆಂಗಿನ ನಾರಿನ ಪುಡಿಯನ್ನು ಹಿಂಡಿ ಹಾಸಿ, ಇಟ್ಟ ಮಗ್ಗುಲಲ್ಲೇ ಇಟ್ಟು, ಮೇಲೆ ಪೆನ್ಸಿಲಿನಲ್ಲಿ ಒಂದೊಂದು ಚುಕ್ಕೆ ಹಾಕಿದರು. ಚುಕ್ಕೆ ಸದಾ ಮೇಲೇ ಇರಬೇಕು. ಅದೇ ವಾರ ತಾಯಿಹಲ್ಲಿ ಮೇವು ಬಿಟ್ಟು ಸತ್ತಿತು. ಇನ್ನು ಉಳಿದದ್ದು ಗಂಡು ಹಲ್ಲಿ, ಆ ಎರಡು ಮೊಟ್ಟೆ ಮಾತ್ರ.

ಅಷ್ಟರಲ್ಲಿ ಮನೆ ಓನರಮ್ಮ ಬಂದರು. ಭಾನುವಾರ ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಎರಡು ಮನೆಗೂ ಪಡಸಾಲೆ ಒಂದೇ, ಹಲ್ಲಿಯ ಪೆಟ್ಟಿಗೆ, ಮೊಟ್ಟೆಯ ಪೆಟ್ಟಿಗೆ ಎರಡೂ ಇದ್ದದ್ದು ಅಲ್ಲೇ.

"ಹಲ್ಲಿ ಸಾಕಾ ಮನೆ ಅಂದ್ರೆ ಯಾರ್ ಹೆಣ್ ತಗಂತಾರೆ ರುದ್ರಮ್ಮ? ಎತ್ತಿ ಎಲ್ಲಾದ್ರೂ ಇಡ್ರಿ."

"ಬಂದೋರು ನಿಮ್ ಮಗಳನ್ನ ನೋಡ್ತಾರಾ, ನನ್ ಹಲ್ಲಿ ನೋಡ್ತಾರಾ? ಗಾಜಿನ ಪೆಟ್ಟಿಗೆ ಬೇಕಾದ್ರೆ ಮುಚ್ಚಿಡ್ತೀನಿ. ಮೊಟ್ಟೆ ಅಲುಗಾಡಿಸಾಕೆ ಆಗಲ್ಲ."

"ಹಂಗಾದ್ರೆ ಮನೆ ಖಾಲಿ ಮಾಡ್ರಿ."

ಓನರಮ್ಮ ಬೆದರಿಕೆಗೆ ಅಂದದ್ದು. ದೊಡ್ಡಮ್ಮ ಶನಿವಾರವೇ ಖಾಲಿ ಮಾಡಿದರು. ಕೋಳಿಗಳನ್ನು ಬೀದಿಯವರಿಗೆ ಹಂಚಿ, ಲಗೇಜ್ ಆಟೋ ಕರೆಸಿ, ಐಮಂಗಲದಲ್ಲಿರುವ ತಮ್ಮನ, ಅಂದರೆ ನನ್ನ ಮಾವನ, ಮನೆಗೆ ಹೊರಟರು. ಗಂಡು ಹಲ್ಲಿಯ ಪೆಟ್ಟಿಗೆ ನನ್ನ ತೊಡೆಯ ಮೇಲೆ. ಮೊಟ್ಟೆಯ ಡಬ್ಬಿ ಅವರ ಎರಡೂ ಅಂಗೈ ಮೇಲೆ, ತುಂಬಿದ ತಟ್ಟೆ ಹಿಡಿದ ಹಾಗೆ.

"ಹಂಪ್ ಬಂದ್ರೆ ಮೊದ್ಲೇ ಹೇಳಪ್ಪ."

"ಯಾಕಮ್ಮ?"

"ಎದ್ದು ನಿಂತ್ಕಂತೀನಿ. ಕುಲುಕು ನನ್ ಮಂಡಿಗೆ ಬರ್ಲಿ."

ಡ್ರೈವರ್ ಹೇಳುತ್ತಾ ಬಂದ. ಹಿಂದೆ ಸಾಮಾನಿನ ಮಧ್ಯೆ ಅವರು ಅರ್ಧ ಎದ್ದು, ಮಂಡಿ ಬಗ್ಗಿಸಿ ನಿಲ್ಲುತ್ತಿದ್ದರು. ನಾನು ಸುಮ್ಮನಿರಲಾರದೆ ಎಣಿಸಿದೆ, ಹದಿನೇಳು ಸಲ. ಐಮಂಗಲದಲ್ಲಿ ಇಳಿದಾಗ ಚುಕ್ಕೆಗಳು ಮೇಲೇ ಇದ್ದವು.

ನಾನು ಹಿರಿಯೂರಿನ ಹಾಸ್ಟೆಲ್ ಸೇರಿ ಭಾನುವಾರ ಭಾನುವಾರ ಹೋಗುತ್ತಿದ್ದೆ. ಕೊನೆಯ ಭಾನುವಾರ ಅವರು ಬಾಗಿಲು ಹಾಕಿ ಕತ್ತಲು ಮಾಡಿ, ಮೊಟ್ಟೆಯ ಪಕ್ಕಕ್ಕೆ ಮೊಬೈಲಿನ ಬೆಳಕು ಹಿಡಿದು ತೋರಿಸಿದರು. ಒಳಗೆ ಕೆಂಪು ಎಳೆಗಳು, ನಡುವೆ ಒಂದು ಕರಿಯ ನೆರಳು. "ನೋಡು ಮಗ. ಹೊರಗೆ ಯಾರು ಏನಾರ ಬೈಕಳ್ಳಿ, ಇದಕ್ಕೆ ಕೇಳಲ್ಲ. ಅದರ ಪಾಡಿಗೆ ಬೆಳಿತಾ ಐತೆ" ಎಂದರು. ನನ್ನನ್ನು ಬಸ್ಸಿಗೆ ಬಿಡಲು ಬರಲಿಲ್ಲ, ಬಲ್ಬು ನೋಡಿಕೊಳ್ಳಬೇಕಿತ್ತು. ಗುರುವಾರ ಬೆಳಿಗ್ಗೆ ಎದೆನೋವು ಎಂದು ಕೂತವರು ಆಸ್ಪತ್ರೆ ಮುಟ್ಟಲಿಲ್ಲ.

ತಿಥಿಗೆ ಮುಂಚೆ ಮನೆ ತೊಳೆದು ಸುಣ್ಣ ಹೊಡೆಸಲು ಮಾವ ಸಾಮಾನನ್ನೆಲ್ಲ ಅಂಗಳಕ್ಕೆ ಹಾಕಿಸಿದರು. ಗಂಡು ಹಲ್ಲಿಯ ಪೆಟ್ಟಿಗೆಯೂ ಹೊರಗೆ ಹೋಯಿತು. ಮೂಲೆಯಲ್ಲಿ ಬಲ್ಬು ಉರಿಯುವ ಪೆಟ್ಟಿಗೆಯೊಂದೇ ಉಳಿಯಿತು. ನಾನು ಅದರ ಮುಂದೆ ಕೂತಿದ್ದೆ.

"ಅದನ್ನ ತಿಪ್ಪೆಗೆ ಹಾಕಿ ಬಾರವ್ವ. ಈ ಹಲ್ಲಿ ಸಾಕಿದ್ಕೇ ಅಕ್ಕಂಗೆ ಹಿಂಗಾತು."

"ದೊಡ್ಡಮ್ಮಂಗೆ ಆಗಿದ್ದು ಎದೆನೋವು ಮಾವ. ಹಲ್ಲಿ ಏನು ಮಾಡ್ತು?"

"ದೊಡ್ಡೋರಿಗೆ ಎದುರು ಮಾತಾಡ್ತೀಯೇನೇ?"

"ಹೂಂ, ಆಡ್ತೀನಿ. ಈ ಮೂಲೆ ಬಿಟ್ಟು ಸುಣ್ಣ ಹೊಡಿಸ್ರಿ."

ನನ್ನ ದನಿ ನನಗೇ ಹೊಸದಾಗಿತ್ತು. ಮಾವ ನನ್ನನ್ನು ಪಕ್ಕಕ್ಕೆ ಸರಿಸಿ, ತಾವೇ ಬಗ್ಗಿ ಡಬ್ಬಿಯ ಮುಚ್ಚಳ ತೆಗೆದರು. ಒಂದು ಮೊಟ್ಟೆ ಸೀಳಿ ಬಿದ್ದಿತ್ತು. ಪಕ್ಕದಲ್ಲಿ ನನ್ನ ಬೆರಳುದ್ದದ ಮರಿ, ಹಳದಿ ಕಪ್ಪು ಪಟ್ಟೆ, ಮೈಗೆ ಇನ್ನೂ ನಾರಿನ ಪುಡಿ ಅಂಟಿತ್ತು. ಮಾವನ ಕೈ ಕಂಡದ್ದೇ ತಡ, ಅದು ನಾಲ್ಕು ಕಾಲಿನ ಮೇಲೆ ಎದ್ದು, ಬಾಲ ಎತ್ತಿ, ಬಾಯಿ ಪೂರ್ತಿ ತೆರೆದು ಕೀಚ್ ಎಂದು ಕೂಗಿತು.

ಮಾವ ಕೈ ಹಿಂದಕ್ಕೆ ಎಳೆದುಕೊಂಡರು.

"ಹುಟ್ಟಿ ಒಂದ್ ಗಳಿಗೆ ಆಗಿಲ್ಲ, ನನಗೇ ಜೋರು ಮಾಡ್ತೈತಲ್ಲೇ" ಎಂದು ಹೊರಗೆ ಹೋಗಿ, ಸುಣ್ಣದವರಿಗೆ ಆ ಮೂಲೆ ಬಿಡಲು ಹೇಳಿದರು.

ನಾನು ಮುಚ್ಚಳ ಹಾಕಿ ಅಲ್ಲೇ ಕೂತೆ. ಇನ್ನೊಂದು ಮೊಟ್ಟೆ ಒಡೆಯುವುದು ಬಾಕಿಯಿತ್ತು.