ಒಂದು ಮನೆ, ಮೂರು ಸರ್‌ನೇಮು

ಅಮೆರಿಕದ ಮೆಟುಚೆನ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಗೆ ವೇಲ್ಸ್‌ನಲ್ಲಿದ್ದ ತಮ್ಮ ಪೂರ್ವಿಕರನ್ನು ಹುಡುಕುವ ಹುಚ್ಚು. ಒಂದು ಭಾನುವಾರ ಹಳೆಯ ಉಯಿಲುಗಳ ಪ್ರತಿ ಹಿಡಿದುಕೊಂಡು ಬಂದು ನಮ್ಮ ಅಡುಗೆಮನೆಯಲ್ಲಿ ಕೂತರು. ಉಯಿಲಿನಲ್ಲಿ ಮಗನಿಗೆ ಹಸುವನ್ನು ಬರೆದಿಟ್ಟ ಅಪ್ಪನಿಗೆ ಒಂದು ಸರ್‌ನೇಮು, ಅದನ್ನು ಪಡೆದ ಮಗನಿಗೆ ಇನ್ನೊಂದು, ಮೊಮ್ಮಗನಿಗೆ ಮತ್ತೊಂದು. ವಂಶದಲ್ಲಿ ಏನೋ ಎಡವಟ್ಟಾಗಿದೆ ಎಂದು ಅಜ್ಜಿಯ ಮುಖ ಸಣ್ಣಗಾಗಿತ್ತು.

ನನಗೆ ನಗು ತಡೆಯಲಾಗಲಿಲ್ಲ. ಆ ಕಾಲದ ವೇಲ್ಸ್‌ನಲ್ಲೂ ಅಪ್ಪನ ಹೆಸರೇ ಮಗನ ಸರ್‌ನೇಮು. ಥೇಟ್ ನಮ್ಮ ಮೈಸೂರು ಕಡೆಯ ಪದ್ಧತಿ. ನಮ್ಮ ಮನೆಯನ್ನೇ ಉದಾಹರಣೆ ಕೊಟ್ಟೆ. ನನ್ನ ಸರ್‌ನೇಮು ನನ್ನಪ್ಪನ ಹೆಸರು, ಗಂಡನದು ನಮ್ಮ ಮಾವನ ಹೆಸರು, ಮಗಳದು ಗಂಡನ ಹೆಸರು. ಮದುವೆಯಾದ ಮೇಲೂ ನಾನು ಬದಲಾಯಿಸಿಕೊಂಡಿಲ್ಲ, ಅಷ್ಟೇ.

ಅಜ್ಜಿ ಕಾಫಿ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು.

“ಅಂದ್ರೆ ನಿಮ್ಮಿಬ್ಬರಿಗೂ ಮದುವೆ ಆಗಿದೆಯಾ? ತಪ್ಪಿ ನಮ್ಮನೆಗೆ ಬರೋ ನಿಮ್ಮ ಟಪಾಲು ನೋಡಿ, ಇವರಿಬ್ಬರೂ ಬೇಗ ಮದುವೆ ಆಗಲಿ ಅಂತ ಇಷ್ಟು ವರ್ಷ ಚರ್ಚಲ್ಲಿ ಪ್ರಾರ್ಥನೆ ಮಾಡ್ತಿದ್ದೆನಲ್ಲ,” ಎಂದರು ಇಂಗ್ಲಿಷಿನಲ್ಲಿ.

ಹಾಲ್‌ನ ಸೋಫಾದ ಮೇಲಿಂದ ಗಂಡ ನನಗೆ ಕನ್ನಡದಲ್ಲಿ ಹೇಳಿದ:

“ನಿಲ್ಲಿಸಬೇಡಿ ಅನ್ನು ಅವರಿಗೆ. ಮದುವೆ ಆದೋರಿಗೇ ಪ್ರಾರ್ಥನೆ ಜಾಸ್ತಿ ಬೇಕಾಗೋದು.”