ದೊರೆಸಾನಿ ಚಹಾ ಕುಡಿದದ್ದು

ಟೈಟಾನಿಕ್ ಹಡಗನ್ನು ಏಕಸಂಬಿ ಕಡೆಯ ಒಂದು ಹೈಸ್ಕೂಲಿನ ಅಂಗಳಕ್ಕೆ ತಂದವಳು ನಾನು. ನಗಬೇಡಿ, ಖರೇ ಮಾತು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹೊಸದಾಗಿ ಟೀಚರ್ ಆಗಿದ್ದೆ, ಹುರುಪು ಕೇಳಬೇಕೇ? ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗಿಗೆ ಪ್ರತಿವರ್ಷ ಮಾಡುವ ಪೌರಾಣಿಕ ನಾಟಕ ಬೇಡವೆಂದು, ಆ ಹಡಗಿನ ಪ್ರಯಾಣಿಕರ ದಿನಚರಿಯನ್ನೇ ನಾಟಕವಾಗಿ ಬರೆದೆ. ಸ್ಟೇಜಿನ ಮೇಲೆ ಬೆಂಚು ಜೋಡಿಸಿ ಶ್ರೀಮಂತರ ಮೊದಲ ದರ್ಜೆ ಮಾಡಿದ್ದಾಯಿತು. ಸ್ಟೇಜಿನ ಕೆಳಗೆ ಚಾಪೆ ಹಾಸಿ ಬಡವರ ಮೂರನೆಯ ದರ್ಜೆ. ಹಿಮದ ಗುಡ್ಡಕ್ಕೆ ಹೆಡ್‌ಮಾಸ್ತರರ ಮನೆಯ ಬಿಳಿ ಚಾದರ.

ನಾಟಕವನ್ನು ಕ್ಲಾಸಿನಲ್ಲಿ ಓದಿ ಹೇಳಿದ್ದೇ ತಡ, ಮೊದಲ ದರ್ಜೆಯವರ ರಾತ್ರಿಯೂಟದ ದೃಶ್ಯಕ್ಕೆ ತಕರಾರು ಬಂತು. ನಮ್ಮ ಜೈನರ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. "ನಾಟಕ ಆದ್ರೇನಾತ್ರಿ, ನನ್ನ ಮಗಳಿಗೆ ರಾತ್ರಿ ಉಣಸ್ತೀರೇನು?" ಎಂದು ಒಬ್ಬ ತಾಯಿ ಜಗಳಕ್ಕೇ ಬಂದಳು. ಕೈಮುಗಿದು ಊಟವನ್ನು ಮೊದಲ ದರ್ಜೆಯ ದೊರೆಸಾನಿ ಕುಡಿಯುವ ಸಂಜೆ ನಾಲ್ಕರ ಚಹಾ ಮಾಡಿದೆ.

ಚಹಾಕ್ಕೆ ಕಪ್ಪು ಬಸಿ ಬೇಕಲ್ಲ! ನಮ್ಮ ಮನೆಯ ಕಪಾಟಿನಲ್ಲಿ ಹೂವಿನ ಚಿತ್ತಾರದ ಪಿಂಗಾಣಿ ಸೆಟ್ಟಿತ್ತು. ಅವ್ವ ಕೊಟ್ಟಳು, ಆದರೆ ಕೊಡುವಾಗ ಸೆರಗು ಹಿಡಿದು ನಿಲ್ಲಿಸಿದಳು. "ಒಯ್ಯಿ. ಆದ್ರ ಯಾರ‍್ಯಾರು ಬಾಯಿ ಹಚ್ಚತಾರ ನೋಡ್ಕೊ. ಕೇರಿ ಹುಡುಗೂರು ಮುಟ್ಟಿದ್ರ ಮತ್ತ ಮನಿಯೊಳಗ ತರಬ್ಯಾಡ." ನಾನು ಬಿ.ಎಡ್. ಓದಿದವಳು. ಸಮಾನತೆಯ ಪಾಠ ಮಾಡಿ ಚಪ್ಪಾಳೆ ಹೊಡೆಸಿಕೊಂಡವಳು. "ಹೂಂ" ಅಂದೆ.

ಮರುದಿನ ಪಾರ್ಟು ಹಂಚುವಾಗ ದಲಿತರ ಕೇರಿಯ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ತಾಯಿ ನಮ್ಮ ಕಬ್ಬಿನ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದಳು. ಇವಳು ಒಂಬತ್ತನೆಯ ಕ್ಲಾಸಿಗೇ ಶಾಣ್ಯಾ, ಎಲ್ಲರಿಗಿಂತ ಜಾಣೆ. "ಬಾಯಾರ, ನಾ ದೊರೆಸಾನಿ ಆಗತೀನ್ರಿ. ನೀವು ಓದಿ ಹೇಳಿದ ಮಾತು ಎಲ್ಲಾ ಪಾಠ ಮಾಡೀನ್ರಿ," ಎಂದವಳೇ ನಿಂತಲ್ಲೇ ಒಂದು ಪುಟ ಗಡಗಡ ಒಪ್ಪಿಸಿದಳು. ಎಷ್ಟು ಚಂದ ಅಂದಳೆಂದರೆ ಹುಡುಗಿಯರೆಲ್ಲ ಬಾಯಿ ತೆರೆದು ಕೂತರು. ನನ್ನ ಕಣ್ಣ ಮುಂದೆ ಮಾತ್ರ ಅವ್ವನ ಕಪ್ಪುಗಳು.

"ಅಳೂ ಪಾರ್ಟು ನಿನಗ ಭಾಳ ಚಲೋ ಒಪ್ಪತೈತಿ," ಅಂದೆ. "ನೀ ಮೂರನೇ ದರ್ಜೆ ಒಳಗಿರು." ಶುದ್ಧ ಸುಳ್ಳು. ದೊರೆಸಾನಿಯ ಪಾರ್ಟನ್ನು ತಂಬಾಕಿನ ವ್ಯಾಪಾರಿಯೊಬ್ಬರ ಮಗಳಿಗೆ ಕೊಟ್ಟೆ. ಅವಳಿಗೆ ನಾಲ್ಕು ಸಾಲೂ ನೆಟ್ಟಗೆ ಬರುತ್ತಿರಲಿಲ್ಲ.

ಗ್ಯಾದರಿಂಗಿನ ದಿನ ಮಧ್ಯಾಹ್ನ ಆ ವ್ಯಾಪಾರಿಯ ಮಗಳು ಜನರನ್ನು ನೋಡಿ ಹೆದರಿ, ಒಲ್ಲೆಂದರೆ ಒಲ್ಲೆ ಎಂದು ಕುಕ್ಕರಿಸಿಬಿಟ್ಟಳು. ಹೆಡ್‌ಮಾಸ್ತರರು ಸಿಡಿಮಿಡಿಗೊಂಡರು. "ಆ ಅಳೂ ಪಾರ್ಟಿನ ಹುಡುಗಿಗೆ ಎಲ್ಲಾ ಬರತೈತೆಲ್ರಿ, ನಿಲ್ಲಸ್ರಿ ಆಕೀನ್ನ!" ನನಗೆ ಬೇರೆ ದಾರಿ ಇರಲಿಲ್ಲ. ಐದು ನಿಮಿಷದಲ್ಲಿ ಅವಳಿಗೆ ರೇಷ್ಮೆ ಸೀರೆ ಉಡಿಸಿದೆವು. ಪಿನ್ನು ಹಚ್ಚುವಾಗ ಕಪ್ಪಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳುವ ಧೈರ್ಯವೂ ಆಗಲಿಲ್ಲ, ಸುಮ್ಮನೆ ಬಿಡುವ ಧೈರ್ಯವೂ ಆಗಲಿಲ್ಲ; ಕೊನೆಗೆ ಹೇಳದೆಯೇ ಸ್ಟೇಜಿಗೆ ಕಳಿಸಿದೆ. ಅವ್ವ ಮುಂದಿನ ಸಾಲಿನಲ್ಲೇ ಕೂತಿದ್ದಳು.

ಅಬ್ಬಾ, ಏನು ಮಾಡಿದಳು ಆ ಹುಡುಗಿ! ಬೀಸಣಿಕೆ ಬೀಸುತ್ತ ಡೆಕ್ಕಿನ ಮೇಲೆ ಅಡ್ಡಾಡಿದಳು, ಸಮುದ್ರದ ಗಾಳಿ ಹೊಗಳಿದಳು, ಆಳಿಗೆ ಗದರಿದಳು. ಜನ ಸೀಟಿ ಹೊಡೆದರು. ಆಮೇಲೆ ಚಹಾ ಬಂತು. ಕಪ್ಪಿನಲ್ಲಿ ಬೆಲ್ಲದ ನೀರು. ಅವಳು ಕಪ್ಪನ್ನು ಎತ್ತಿದಳು, ಕತ್ತು ಹಿಂದಕ್ಕೆ ಚೆಲ್ಲಿದಳು, ಗೇಣು ಮೇಲಿಂದ, ತುಟಿಗೆ ತಾಗದಂತೆ, ಗಟಗಟ ಬಾಯಿಗೆ ಸುರಿದುಕೊಂಡಳು. ಅವಳ ತಾಯಿ ಹೊಲದಲ್ಲಿ ನಮ್ಮ ತಂಬಿಗೆಯಿಂದ ನೀರು ಕುಡಿಯುತ್ತಿದ್ದುದು ಹಾಗೆಯೇ.

ಅಂಗಳಕ್ಕೆ ಅಂಗಳವೇ ಹೋ ಎಂದು ನಕ್ಕಿತು. "ದೊರೆಸಾನಿ ಹಿಂಗ ಕುಡೀತಾಳೇನ್ಲೇ!" ಎಂದು ಯಾರೋ ಕೂಗಿದರು. ಗಲ್ಲದಿಂದ ಬೆಲ್ಲದ ನೀರು ಇಳಿದು ಸೀರೆ ತೊಯ್ದಿತ್ತು. ಅವಳು ಮಾತು ತಪ್ಪಲಿಲ್ಲ, ಹಡಗು ಮುಳುಗುವ ತನಕ ದೊರೆಸಾನಿಯಾಗಿಯೇ ಇದ್ದಳು. ನಗದೆ ಕೂತದ್ದು ನಮ್ಮವ್ವ ಒಬ್ಬಳೇ. ಸಮಾಧಾನದಿಂದ ತಲೆಯಾಡಿಸುತ್ತಿದ್ದಳು.

ನಾಟಕ ಮುಗಿದ ಮೇಲೆ ಪರದೆಯ ಹಿಂದೆ ಅವಳು ಒಬ್ಬಳೇ ಸೀರೆ ಮಡಚುತ್ತಿದ್ದಳು. "ಯಾಕ ಹಂಗ ಎತ್ತಿ ಕುಡದಿ?" ಎಂದು ಕೇಳಿದೆ.

"ಕಪ್ ನಿಮ್ಮ ಮನೀವಲ್ರಿ, ಬಾಯಾರ? ಬಾಯಿ ಹಚ್ಚಿಲ್ರಿ," ಅಂದಳು.

ಆಗ ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ ಎಂದು ಬರೆಯುವ ಆಸೆ ನನಗೂ ಇದೆ. ಹಾಗಾಗಲಿಲ್ಲ. ನನಗೆ ಮೊದಲು ಆದದ್ದು ನಿರಾಳ, ಇನ್ನು ಕಪ್ಪುಗಳನ್ನು ಮನೆಗೆ ಒಯ್ಯಬಹುದೆಂದು. ಇಷ್ಟು ವರ್ಷವಾದರೂ ಅದನ್ನು ನೆನೆದರೆ ನನ್ನ ಮುಖ ನನಗೇ ನೋಡಿಕೊಳ್ಳಲಾಗುವುದಿಲ್ಲ.

"ಭಾಳ ಶಾಣ್ಯಾ ಅದಿ ನೋಡು," ಎಂದು ಅವಳ ಬೆನ್ನು ತಟ್ಟಿದೆ. ಊರೆಲ್ಲ ಸೀಟಿ ಹೊಡೆದಾಗಲೂ ಅಷ್ಟು ಹಿಗ್ಗದ ಹುಡುಗಿ, ಆ ಒಂದು ಮಾತಿಗೆ ಮುಖ ತುಂಬ ನಕ್ಕಳು.